ಎರಡನೆಯ ಡ್ರೈವರ್

ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೌಂಟರಿನಲ್ಲಿ ನಾನೂ ನನ್ನ ಹೆಂಡತಿಯೂ ಕನ್ನಡದಲ್ಲಿ ಜಗಳವಾಡಿದೆವು. ಹೊರನಾಡಿನಲ್ಲಿ ಇರುವುದರ ಸುಖಗಳಲ್ಲಿ ಇದೂ ಒಂದು. ಎದುರಿಗಿದ್ದವರಿಗೆ ತಿಳಿಯದ ಭಾಷೆಯಲ್ಲಿ, ಮುಖದ ಮೇಲೆ ನಗು ಇಟ್ಟುಕೊಂಡೇ ಜಗಳ ಮುಂದುವರಿಸಬಹುದು. ಮೂವತ್ತು ವರ್ಷ ಮುಲುಂಡಿನಲ್ಲಿ ಸಂಸಾರ ಮಾಡಿದ ನಮಗೆ ತರಕಾರಿಯವನ ಮುಂದೆ, ಸೊಸೈಟಿಯ ಸೆಕ್ರೆಟರಿಯ ಮುಂದೆ ಈ ವಿದ್ಯೆ ಚೆನ್ನಾಗಿ ಪಳಗಿದೆ.

ವಿಷಯ ಸಣ್ಣದು. ಕೌಂಟರಿನ ಹುಡುಗಿ, "ಕಾರನ್ನು ಒಬ್ಬರೇ ಓಡಿಸುತ್ತೀರಾ, ಇಬ್ಬರೂ ಓಡಿಸುತ್ತೀರಾ?" ಎಂದು ಕೇಳಿದ್ದಳು. ಎರಡನೆಯವರ ಹೆಸರು ಸೇರಿಸಿದರೆ ದಿನಕ್ಕೆ ಇಷ್ಟು ಡಾಲರ್ ಹೆಚ್ಚು. ನಾನು "ಒಬ್ಬರೇ" ಎಂದೆ. ಇವಳು ಬ್ಯಾಗಿನಿಂದ ತನ್ನ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟಳು.

"ಸುಮ್ನೆ ದುಡ್ಡು ದಂಡ. ನೀನು ಹೇಗೂ ಓಡಿಸುದಿಲ್ಲ" ಎಂದೆ.

"ಓಡಿಸುದಿಲ್ಲ ಅಂತ ನಾನು ಯಾವಾಗ ಹೇಳಿದ್ದು ಮಾರಾಯ್ರೆ? ನೀವು ಕೊಡುದಿಲ್ಲ, ಅಷ್ಟೆ" ಎಂದು ನಗುನಗುತ್ತಲೇ ಹೇಳಿ, ಹುಡುಗಿಯ ಕೈಗೆ ತನ್ನದೇ ಕಾರ್ಡನ್ನು ಕೊಟ್ಟಳು. ಹುಡುಗಿ ನಮ್ಮಿಬ್ಬರ ನಗುಮುಖ ನೋಡಿ, ಎಂಥ ಅನ್ಯೋನ್ಯ ದಂಪತಿ ಎಂದುಕೊಂಡಿರಬೇಕು.

ಇವಳ ಹತ್ತಿರ ಲೈಸೆನ್ಸ್ ಇರುವುದು ಹನ್ನೊಂದು ವರ್ಷದಿಂದ. ಕಾರನ್ನು ಮುಲುಂಡ್ ಮಾರ್ಕೆಟ್ಟಿಗೆ, ಠಾಣೆಯ ಡಾಕ್ಟರರಲ್ಲಿಗೆ, ಮಳೆ ಬಂದರೆ ಸ್ಟೇಷನ್ನಿಗೆ ಒಯ್ಯುತ್ತಾಳೆ. ಆದರೆ ಪ್ರತಿ ಮೇ ತಿಂಗಳಲ್ಲಿ ಉಡುಪಿಯ ಕಡೆ ಊರಿಗೆ ಹೊರಡುವಾಗ ಸ್ಟೇರಿಂಗ್ ನನ್ನದು. ಸಾವಿರ ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ ಇರುವ ಆ ದಾರಿಯನ್ನು ಒಬ್ಬನೇ ಓಡಿಸಿಕೊಂಡು ಬಂದೆ ಎಂದು ಮನೆಯ ಅಂಗಳದಲ್ಲಿ ಕಾಲು ತೊಳೆಯುತ್ತ ಹೇಳುವುದು ನನ್ನ ವಾರ್ಷಿಕ ಭಾಷಣ. ಅಣ್ಣಂದಿರಿಗೆ ಅದು ಬಾಯಿಪಾಠವಾಗಿದೆ.

ನಾನು ನಿವೃತ್ತನಾದದ್ದಕ್ಕೆ ಮಗ ಮಾಡಿಕೊಟ್ಟ ಪ್ರವಾಸ ಇದು. ನ್ಯೂಜಿಲೆಂಡಿನ ದಕ್ಷಿಣ ದ್ವೀಪ, ಆರು ದಿನ, ಬಾಡಿಗೆ ಕಾರು. ಬಸ್ಸಿನ ಟೂರಿನಲ್ಲಿ ಹೋಗಿ ಎಂದು ಅವನು ಹೇಳಿದ್ದ. ನಾನು ಒಪ್ಪಲಿಲ್ಲ. ಅಲ್ಲಿಯೂ ನಮ್ಮ ಹಾಗೆ ಎಡಬದಿಯ ಚಾಲನೆ, ಸ್ಟೇರಿಂಗ್ ಬಲಕ್ಕೆ. ನಮ್ಮ ಲೈಸೆನ್ಸಿನಲ್ಲಿ ವಿವರಗಳು ಇಂಗ್ಲಿಷಿನಲ್ಲಿ ಇರುವುದರಿಂದ ಅದೇ ನಡೆಯುತ್ತದೆ. ಆದರೂ ಇರಲಿ ಎಂದು ಆರ್‌ಟಿಓಗೆ ಹೋಗಿ ಅಂತರರಾಷ್ಟ್ರೀಯ ಪರವಾನಗಿಯನ್ನೂ ಮಾಡಿಸಿಕೊಂಡೆವು. ಇಬ್ಬರಿಗೂ. ನನ್ನದಕ್ಕೆ ಅರ್ಜಿ ಹಾಕುವಾಗ ಇವಳು ತನ್ನದನ್ನೂ ಹಾಕಿದ್ದಳೆಂಬುದು ನನಗೆ ತಿಳಿದದ್ದು ಪರವಾನಗಿ ಕೈಗೆ ಬಂದ ಮೇಲೆ. ಆಗಲೇ ನನಗೆ ವಾಸನೆ ಬಡಿಯಬೇಕಿತ್ತು.

ಮಗ ಇನ್ನೊಂದು ಮಾತು ಹೇಳಿದ್ದ. "ಪಪ್ಪಾ, ಮ್ಯಾಪಿನಲ್ಲಿ ನಾಲ್ಕು ಗಂಟೆ ಅಂತ ಇದ್ದರೆ ಐದೂವರೆ ಅಂತ ಓದಿ." ನಾನು ಪುಣೆ ಎಕ್ಸ್‌ಪ್ರೆಸ್ ವೇಯನ್ನು ಅದು ಪೂರ್ತಿ ತೆರೆದ ಕಾಲದಿಂದ ಓಡಿಸಿದವನು. ನಕ್ಕುಬಿಟ್ಟೆ.

ಹೋಗುವವರಿಗೆ ಮೊದಲು ಕಸ್ಟಮ್ಸಿನ ಮಾತು ಹೇಳಿಬಿಡುತ್ತೇನೆ. ಆ ದೇಶಕ್ಕೆ ತಿಂಡಿತೀರ್ಥ ಏನೇ ಒಯ್ದರೂ ಫಾರ್ಮಿನಲ್ಲಿ ಬರೆದು ಹೇಳಬೇಕು. ಹೇಳದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಮಣ್ಣು ಮೆತ್ತಿದ ಬೂಟನ್ನೂ ಹೇಳಬೇಕು. ಕೃಷಿ ಮತ್ತು ಹೈನುಗಾರಿಕೆಯನ್ನೇ ನಂಬಿದ ದ್ವೀಪರಾಷ್ಟ್ರ. ಹೊರಗಿನ ಒಂದು ಕೀಟ, ಒಂದು ರೋಗ ಒಳಗೆ ನುಸುಳಿದರೆ ಅವರ ಅನ್ನಕ್ಕೇ ಕಲ್ಲು. ಇವಳು ಚಟ್ನಿಪುಡಿ, ಉಪ್ಪಿನಕಾಯಿ, ರಸಂ ಪುಡಿ ಎಲ್ಲವನ್ನೂ ಪಟ್ಟಿ ಮಾಡಿ ಬರೆದಿದ್ದಳು. ಅಧಿಕಾರಿ ಒಂದೊಂದನ್ನೇ ಎತ್ತಿ ನೋಡಿ, ನಮಸ್ಕಾರದ ಧಾಟಿಯಲ್ಲಿ ತಲೆಬಾಗಿ ವಾಪಸು ಕೊಟ್ಟ. ಹೋದದ್ದು ನನ್ನ ಜೇನಿನ ಬಾಟಲಿ. ಕೆಮ್ಮಿಗೆಂದು ಊರಿನಿಂದ ತಂದಿಟ್ಟುಕೊಂಡ ತುಡುವೆ ಜೇನು. ಅದು ಮಾತ್ರ ನಿಷಿದ್ಧ. ಅವರ ಜೇನ್ನೊಣಗಳಿಗೆ ನಮ್ಮ ಜೇನ್ನೊಣಗಳ ಕಾಯಿಲೆ ತಗಲಬಾರದಂತೆ. ಬಾಟಲಿ ಕಸದ ಡಬ್ಬಿಗೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ.

ಕ್ರೈಸ್ಟ್‌ಚರ್ಚಿನಲ್ಲಿ ಒಂದು ರಾತ್ರಿ. 2011ರ ಫೆಬ್ರವರಿ 22ರ ಭೂಕಂಪದಲ್ಲಿ 185 ಜನ ಸತ್ತ ಊರದು. ಈಗಲೂ ಪೇಟೆಯ ನಡುವೆ ಖಾಲಿ ನಿವೇಶನಗಳಿವೆ. ಮುರಿದ ಕ್ಯಾಥೆಡ್ರಲ್‌ಗೆ ಬದಲಾಗಿ ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ರಟ್ಟಿನ ಕೊಳವೆಗಳನ್ನು ಬಳಸಿ ಕಟ್ಟಿದ ಇಗರ್ಜಿಯನ್ನು ನೋಡಿದೆವು. ಮಾರನೆಯ ಬೆಳಿಗ್ಗೆ ಹೊರಟೆವು.

ಟೆಕಾಪೊ ಸರೋವರಕ್ಕೆ ಸುಮಾರು 230 ಕಿಲೋಮೀಟರ್. ಮೊದಲ ಒಂದು ಗಂಟೆ ಕ್ಯಾಂಟರ್ಬರಿ ಬಯಲು, ಗೆರೆ ಎಳೆದ ಹಾಗೆ ನೇರ ರಸ್ತೆ. ನಾನು ಹಾಡು ಗುನುಗುತ್ತಿದ್ದೆ. ಆಮೇಲೆ ದಾರಿ ಬೆಟ್ಟಕ್ಕೆ ತಿರುಗಿತು, ಮಗನ ಮಾತಿನ ಅರ್ಥ ಆಗತೊಡಗಿತು. ಅವರ ಹೆದ್ದಾರಿ ಎಂದರೆ ನಮ್ಮ ಎಕ್ಸ್‌ಪ್ರೆಸ್ ವೇ ಅಲ್ಲ. ಹೋಗಲು ಒಂದು ಸಾಲು, ಬರಲು ಒಂದು ಸಾಲು, ನಡುವೆ ಗೋಡೆಯೂ ಇಲ್ಲ, ಗಿಡವೂ ಇಲ್ಲ. ಊರಿನ ಹೊರಗೆ ವೇಗದ ಮಿತಿ 100. ಎದುರಿನವನೂ ನೂರರಲ್ಲಿ ಬರುತ್ತಾನೆ, ನಾವೂ ನೂರರಲ್ಲಿ ಹೋಗುತ್ತೇವೆ, ನಮ್ಮಿಬ್ಬರ ನಡುವೆ ಇರುವುದು ಒಂದು ಬಣ್ಣದ ಗೆರೆ ಮತ್ತು ಪರಸ್ಪರ ನಂಬಿಕೆ. ನಮ್ಮಲ್ಲಿ ಯಾರನ್ನೂ ನಂಬದೆ ಓಡಿಸುವುದು ಕಲಿತಿರುತ್ತೇವೆ, ಹಾರನ್ನೇ ನಮ್ಮ ಭಾಷೆ. ಅಲ್ಲಿ ಆರು ದಿನದಲ್ಲಿ ನಾನು ಹಾರನ್ ಕೇಳಿದ್ದು ಒಂದೇ ಸಲ, ಅದೂ ಕಾರು ಲಾಕ್ ಮಾಡುವಾಗ ನಾನೇ ತಪ್ಪಿ ಒತ್ತಿದ್ದು.

ಇನ್ನೊಂದು ವಿಚಿತ್ರ, ಒಂಟಿ ಸಾಲಿನ ಸೇತುವೆಗಳು. ದೊಡ್ಡ ಹೆದ್ದಾರಿಯೇ ಹೊಳೆ ಬಂದ ಕೂಡಲೇ ಒಂದು ಕಾರಿನ ಅಗಲಕ್ಕೆ ಕುಗ್ಗುತ್ತದೆ. ಮುಂಚೆಯೇ ಫಲಕ ಇರುತ್ತದೆ, ಅದರಲ್ಲಿ ಎರಡು ಬಾಣ. ನಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಗಿದ್ದರೆ ನಾವು ನಿಂತು ಎದುರಿನವರನ್ನು ಬಿಡಬೇಕು. ಮೊದಲ ಸೇತುವೆಯಲ್ಲಿ ನಾನು, ದೂರದಲ್ಲಿದ್ದಾನಲ್ಲ, ನುಗ್ಗಿಬಿಡೋಣ ಎಂದು ಕಾಲು ಒತ್ತಿದೆ. "ಕೆಂಪು, ಕೆಂಪು!" ಎಂದಳು ಇವಳು. ನಿಂತೆ. ಎದುರಿನ ಲಾರಿಯವನು ದಾಟಿ ಬಂದು ಎರಡು ಬೆರಳು ಎತ್ತಿ ವಂದಿಸಿ ಹೋದ. ಸೇತುವೆಯ ಮೇಲೆ ದಾರಿ ಬಿಟ್ಟುಕೊಟ್ಟದ್ದಕ್ಕೆ ಯಾರೋ ನನಗೆ ಕೃತಜ್ಞತೆ ಹೇಳಿದ್ದು ಜೀವನದಲ್ಲಿ ಮೊದಲು.

ಬರ್ಕ್ಸ್ ಪಾಸ್ ದಾಟಿದರೆ ಮೆಕೆಂಜಿ ಪ್ರದೇಶ. ಈ ಹೆಸರಿನ ಕತೆ ನನಗೆ ಬಹಳ ಇಷ್ಟವಾಯಿತು. ಜೇಮ್ಸ್ ಮೆಕೆಂಜಿ ಎಂಬ ಸ್ಕಾಟ್ಲೆಂಡಿನ ಕುರುಬ 1855ರಲ್ಲಿ ಸುಮಾರು ಸಾವಿರ ಕುರಿಗಳೊಂದಿಗೆ ಇಲ್ಲಿ ಸಿಕ್ಕಿಬಿದ್ದ. ಜೊತೆಗಿದ್ದದ್ದು ಒಂದು ನಾಯಿ. ಕಳ್ಳನೆಂದು ಜೈಲಿಗೆ ಹಾಕಿದರು, ತಪ್ಪಿಸಿಕೊಂಡ, ಮತ್ತೆ ಹಿಡಿದರು, ಮರುವರ್ಷ ಕ್ಷಮಾದಾನ ಸಿಕ್ಕಿತು. ಕುರಿ ಕಳೆದುಕೊಂಡವರ ಹೆಸರು ಯಾರಿಗೆ ನೆನಪಿದೆ? ಇಡೀ ಬಯಲು ಇಂದಿಗೂ ಮೆಕೆಂಜಿಯ ಹೆಸರಿನಲ್ಲಿದೆ.

ಟೆಕಾಪೊ ನೀರಿನ ಬಣ್ಣವನ್ನು ಫೋಟೋದಲ್ಲಿ ನೋಡಿ, ಇದು ಕಂಪ್ಯೂಟರಿನ ಕೈಚಳಕ ಎಂದು ವಾದಿಸಿದ್ದವನು ನಾನು. ಅಲ್ಲ. ನಿಜವಾಗಿಯೂ ಹಾಲು ಬೆರೆಸಿದ ನೀಲಿ. ಹಿಮನದಿ ಕೆಳಗಿನ ಬಂಡೆಯನ್ನು ಸಾವಿರಾರು ವರ್ಷ ಅರೆಯುತ್ತ ಬರುತ್ತದೆ, ಗೋಧಿ ಹಿಟ್ಟಿಗಿಂತ ನುಣುಪಾದ ಆ ಕಲ್ಲಿನ ಹಿಟ್ಟು ನೀರಿನಲ್ಲಿ ತಳಕ್ಕೆ ಇಳಿಯದೆ ತೇಲುತ್ತದೆ, ಬಿಸಿಲು ಅದರಲ್ಲಿ ಚದುರಿ ಈ ಬಣ್ಣ. ದಂಡೆಯಲ್ಲಿ 1935ರಲ್ಲಿ ಕಟ್ಟಿದ ಚಿಕ್ಕ ಕಲ್ಲಿನ ಇಗರ್ಜಿ. ಒಳಗೆ ಫೋಟೋ ತೆಗೆಯುವಂತಿಲ್ಲ. ಪೀಠದ ಹಿಂದೆ ಚಿತ್ರವಿಲ್ಲ, ಗಾಜಿನ ಕಿಟಕಿ ಮಾತ್ರ. ಅದರಲ್ಲಿ ಕಾಣುವುದು ಸರೋವರ ಮತ್ತು ಹಿಮದ ಬೆಟ್ಟ. ಸುತ್ತ ನೇರಳೆ, ಗುಲಾಬಿ ಲೂಪಿನ್ ಹೂಗಳು ಗದ್ದೆಗಟ್ಟಲೆ. ನಾವು ಹೋದದ್ದು ನವೆಂಬರ್ ಕೊನೆ, ಅದರ ಕಾಲ. ಎಲ್ಲರೂ ಅದರ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಸಲಿಗೆ ಅದು ಹೊರಗಿನಿಂದ ಬಂದ ಕಳೆ. ಹೊಳೆಯ ಪಾತ್ರಗಳನ್ನೆಲ್ಲ ಆವರಿಸಿಕೊಂಡು ಅಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಜಾಗ ಇಲ್ಲದಂತೆ ಮಾಡುತ್ತದೆ. ನನ್ನ ಜೇನನ್ನು ಎಸೆದವನ ಮುಖ ನೆನಪಾಯಿತು, ಸ್ವಲ್ಪ ಕ್ಷಮಿಸಿದೆ.

ಅಲ್ಲಿನ ಮೋಟೆಲುಗಳಲ್ಲಿ ಅಡಿಗೆಮನೆ ಇರುತ್ತದೆ. ಇವಳು ಅಂಗಡಿಯಿಂದ ಅಕ್ಕಿ, ಟೊಮೆಟೊ ತಂದು ಅನ್ನ ಸಾರು ಮಾಡಿದಳು. ಉಂಡು ಮಲಗುವ ಎಂದರೆ ಕತ್ತಲಾಗುವುದಿಲ್ಲ. ಒಂಬತ್ತಕ್ಕೆ ಸೂರ್ಯಾಸ್ತ, ಹತ್ತರ ಮೇಲೆಯೂ ಬಾನಂಚಿನಲ್ಲಿ ಬೆಳಕು. ಆದರೆ ಟೆಕಾಪೊದಲ್ಲಿ ಕತ್ತಲೆಗೆ ಕಾಯಲೇಬೇಕು. 2012ರಿಂದ ಈ ಪ್ರದೇಶಕ್ಕೆ ಕತ್ತಲ ಆಕಾಶದ ಸಂರಕ್ಷಿತ ತಾಣವೆಂಬ ಮಾನ್ಯತೆ. ಬೀದಿದೀಪಗಳೆಲ್ಲ ಮುಸುಕು ಹಾಕಿಕೊಂಡು ನೆಲವನ್ನೇ ನೋಡುತ್ತವೆ. ಹನ್ನೊಂದೂವರೆಗೆ ಹೊರಗೆ ಬಂದು ಕತ್ತೆತ್ತಿದೆವು. ಮುಂಬಯಿಗೆ ಬಂದ ಮೇಲೆ ನಾನು ನಕ್ಷತ್ರ ಎಣಿಸಿದ್ದು ನೆನಪಿಲ್ಲ, ಇಲ್ಲಿ ಎಣಿಸುವ ಮಾತೇ ಇಲ್ಲ. ನಮ್ಮ ಮಹಾವ್ಯಾಧ ತಲೆಕೆಳಗಾಗಿ ನಿಂತಿದ್ದ. ದಕ್ಷಿಣಕ್ಕೆ ತಗ್ಗಿನಲ್ಲಿ ತ್ರಿಶಂಕು. ಅತ್ತ ಸ್ವರ್ಗವೂ ಇಲ್ಲ, ಇತ್ತ ಭೂಮಿಯೂ ಇಲ್ಲ ಎಂದು ನೇತಾಡುವ ಆತ ನಮ್ಮಂಥ ಹೊರನಾಡಿಗರಿಗೆ ಹತ್ತಿರದ ನೆಂಟ. ಮಲಗುವಾಗ ಒಂದು ಗಂಟೆ.

ಈ ಒಂದು ಗಂಟೆಯನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಮಾರನೆಯ ದಿನ ಮೌಂಟ್ ಕುಕ್, ಮಾವೋರಿ ಜನರ ಅವೊರಾಕಿ, 3,724 ಮೀಟರ್. ಎಡ್ಮಂಡ್ ಹಿಲರಿ ಎವರೆಸ್ಟಿಗೆ ಮುಂಚೆ ಕೈ ಪಳಗಿಸಿಕೊಂಡ ಬೆಟ್ಟಗಳು ಇವೇ. ಟಾಸ್ಮನ್ ಹಿಮನದಿಯ ತುದಿಯ ಸರೋವರವನ್ನು ಮೆಟ್ಟಿಲು ಹತ್ತಿ ನೋಡಿದೆವು. ಆ ಸರೋವರಕ್ಕೆ ನನಗಿಂತ ಕಡಿಮೆ ವಯಸ್ಸು. 1970ರ ದಶಕದ ಆಚೆಗೆ, ಹಿಮ ಕರಗಿ ಹಿಂದೆ ಸರಿದಂತೆ ಹುಟ್ಟಿದ್ದು. ಆ ದಿನವೂ ಮಲಗಿದ್ದು ತಡ, ಏಕೆಂದರೆ ಬೆಳಕಿತ್ತು. ಅದರ ಮರುದಿನ ಲಿಂಡಿಸ್ ಪಾಸಿನ ಹೊಂಬಣ್ಣದ ಹುಲ್ಲುಬೆಟ್ಟಗಳನ್ನು ದಾಟಿ, ಕ್ರಾಮ್‌ವೆಲ್‌ನಲ್ಲಿ ಹಣ್ಣು ಕೊಂಡು, ಕವಾರೌ ಸೇತುವೆಯಿಂದ ಕಾಲಿಗೆ ಹಗ್ಗ ಕಟ್ಟಿಕೊಂಡು 43 ಮೀಟರ್ ಕೆಳಗೆ ಹಾರುವ ಹುಚ್ಚರನ್ನು ನೋಡಿ ಕ್ವೀನ್ಸ್‌ಟೌನ್ ತಲುಪಿದೆವು. 1988ರಲ್ಲಿ ಆ ವ್ಯಾಪಾರ ಶುರುವಾದದ್ದು ಅಲ್ಲೇ. ಮೂರೂ ದಿನ ಸ್ಟೇರಿಂಗ್ ನನ್ನದೇ. "ಸ್ವಲ್ಪ ಕೊಡಿ, ನೇರ ರಸ್ತೆ ಉಂಟಲ್ಲ" ಎಂದು ಇವಳು ಎರಡು ಸಲ ಕೇಳಿದಳು. "ನಾಳೆ" ಎಂದೆ.

ನಾಳೆ ಮಿಲ್ಫರ್ಡ್ ಸೌಂಡ್.

ಕ್ವೀನ್ಸ್‌ಟೌನಿನಿಂದ ಮಿಲ್ಫರ್ಡಿಗೆ ಕಾಗೆ ಹಾರಿದರೆ ಹತ್ತಿರ. ನಡುವೆ ಬೆಟ್ಟಸಾಲು ಇರುವುದರಿಂದ ರಸ್ತೆ ದಕ್ಷಿಣಕ್ಕೆ ಇಳಿದು, ಪಶ್ಚಿಮಕ್ಕೆ ತಿರುಗಿ, ತೆ ಅನಾವ್ ಎಂಬ ಊರಿನಿಂದ ಮತ್ತೆ ಉತ್ತರಕ್ಕೆ ಏರಬೇಕು. ಒಂದು ಕಡೆಗೆ ಸುಮಾರು 290 ಕಿಲೋಮೀಟರ್. ತಿಳಿದವರು ಹಿಂದಿನ ರಾತ್ರಿ ತೆ ಅನಾವ್‌ನಲ್ಲಿ ಉಳಿಯುತ್ತಾರೆ, ಇಲ್ಲವೇ ಬಸ್ಸಿನಲ್ಲಿ ಹೋಗುತ್ತಾರೆ. ನಾನು ಕ್ವೀನ್ಸ್‌ಟೌನಿನ ಹೋಟೆಲಿಗೆ ಮೂರು ರಾತ್ರಿಯ ಹಣ ಮುಂಗಡ ಕಟ್ಟಿದ್ದೆ. ಹೋಗಿ ಬರುವುದು 580, ನಮ್ಮ ಊರಿನ ದಾರಿಗಿಂತ ಕಡಿಮೆಯೇ ಅಲ್ಲವೇ?

ನಾಲ್ಕೂವರೆಗೆ ಎದ್ದು ಆರಕ್ಕೆ ಹೊರಟೆವು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಏಳೂವರೆ ಗಂಟೆ ಮುಂದೆ. ಅಂದರೆ ಬೆಳಿಗ್ಗೆ ಆರು ಎಂಬುದು ನನ್ನ ಮುಲುಂಡಿನ ಮೈಗೆ ರಾತ್ರಿ ಹತ್ತೂವರೆ. ಐದು ದಿನದಲ್ಲಿ ದೇಹ ಅರ್ಧ ಒಗ್ಗಿರುತ್ತದೆ, ಅರ್ಧ ಮೊಂಡು ಹಿಡಿದಿರುತ್ತದೆ. ಥರ್ಮೋಸಿನ ಕಾಫಿ ಕುಡಿದು ಹೊರಟವನಿಗೆ ಇದ್ಯಾವುದೂ ತೋಚಲಿಲ್ಲ.

ತೆ ಅನಾವ್ ದಾಟಿದರೆ ಫೋನಿಗೆ ಸಿಗ್ನಲ್ ಇಲ್ಲ, ಪೆಟ್ರೋಲನ್ನೂ ಅಲ್ಲಿಯೇ ತುಂಬಿಸಿಕೊಳ್ಳಬೇಕು. ಅಲ್ಲಿಂದ ಮುಂದಿನ 120 ಕಿಲೋಮೀಟರನ್ನು ವರ್ಣಿಸಲು ನನ್ನ ಬ್ಯಾಂಕಿನ ಕನ್ನಡ ಸಾಲದು. ಎಗ್ಲಿಂಟನ್ ಕಣಿವೆಯ ಹುಲ್ಲುಗಾವಲು, ಬೀಚ್ ಮರಗಳ ಕಾಡು, ಆಮೇಲೆ ಒಮ್ಮೆಲೇ ಎರಡೂ ಬದಿ ಕಲ್ಲಿನ ಗೋಡೆ, ಅದರಿಂದ ಎಣಿಸಲಾಗದಷ್ಟು ನೀರಿನ ಎಳೆಗಳು. ರಸ್ತೆಯ ಕೊನೆಗೆ ಗೋಡೆಯೇ ಅಡ್ಡ ನಿಲ್ಲುತ್ತದೆ. ಅದನ್ನು ಕೊರೆದು ಮಾಡಿದ್ದು ಹೋಮರ್ ಸುರಂಗ. 1935ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಕೆಲಸವಿಲ್ಲದವರಿಗೆ ಕೂಲಿ ಕೊಡಲು ಶುರುಮಾಡಿದ್ದು. ಆರಂಭದಲ್ಲಿ ಪಿಕಾಸಿ ಮತ್ತು ಕೈಗಾಡಿಯ ಕೆಲಸ. ಹಿಮ ಕುಸಿದು ಕೆಲಸಗಾರರು ಸತ್ತರು, ನಡುವೆ ಯುದ್ಧ ಬಂತು. ವಾಹನ ಓಡಿದ್ದು 1954ರಲ್ಲಿ. ಉದ್ದ ಒಂದೂಕಾಲು ಕಿಲೋಮೀಟರ್ ಅಷ್ಟೆ, ಆದರೆ ಒಳಗಿನ ಗೋಡೆ ಕೊರೆದ ಬಂಡೆಯೇ, ದಾರಿ ಮಿಲ್ಫರ್ಡ್ ಕಡೆಗೆ ಧುಮುಕುವಂತೆ ಇಳಿಯುತ್ತದೆ, ಕಲ್ಲಿನಿಂದ ನೀರು ತೊಟ್ಟಿಕ್ಕುತ್ತದೆ. ಬಾಯಿಯಲ್ಲಿ ಸಿಗ್ನಲ್‌ಗೆ ಕಾಯುವಾಗ ಕೀಯಾ ಎಂಬ ಬೆಟ್ಟದ ಗಿಳಿಯೊಂದು ಮುಂದಿನ ಕಾರಿನ ಮೇಲೆ ಕೂತು ಕಿಟಕಿಯ ರಬ್ಬರನ್ನು ಶ್ರದ್ಧೆಯಿಂದ ಕಿತ್ತು ತಿನ್ನುತ್ತಿತ್ತು. ಆ ಬಾಡಿಗೆದಾರ ಡಿಪಾಸಿಟ್ಟನ್ನು ನೆನೆದು ಒಳಗಿನಿಂದ ಗಾಜು ಬಡಿಯುತ್ತಿದ್ದ.

ಮಿಲ್ಫರ್ಡ್ ಸೌಂಡ್ ಹೆಸರಿಗೆ ಸೌಂಡ್, ವಾಸ್ತವದಲ್ಲಿ ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದ ಫಿಯೋರ್ಡ್. ಎರಡು ಗಂಟೆ ದೋಣಿಯಲ್ಲಿ ಸುತ್ತಿದೆವು. ವರ್ಷಕ್ಕೆ ಆರೂವರೆ ಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗ, ಹೆಚ್ಚುಕಡಿಮೆ ನಮ್ಮ ಆಗುಂಬೆಯ ಬಳಗ. ಆ ದಿನ ತುಂತುರು ಇತ್ತು. ಸ್ಟರ್ಲಿಂಗ್ ಜಲಪಾತದ ಬುಡಕ್ಕೇ ದೋಣಿಯನ್ನು ಒಯ್ದು ನಮ್ಮನ್ನೆಲ್ಲ ತೋಯಿಸಿದರು. ಇವಳು ಒದ್ದೆ ತಲೆಯಲ್ಲಿ ಚಿಕ್ಕ ಹುಡುಗಿಯ ಹಾಗೆ ನಕ್ಕಳು.

ಹಿಂದಿರುಗುವಾಗ ತೆ ಅನಾವ್‌ನಲ್ಲಿ ಚಹಾ. ಸಂಜೆ ಆರು. "ಈಗ ಕೊಡಿ. ನಿಮ್ಮ ಕಣ್ಣು ನೋಡಿ ಕನ್ನಡಿಯಲ್ಲಿ" ಎಂದಳು. ಕಣ್ಣು ಕೆಂಪಾಗಿತ್ತು. "ಇನ್ನು 170 ಅಷ್ಟೆ. ಮಧ್ಯಾಹ್ನದ ಹಾಗೆ ಬೆಳಕಿದೆ" ಎಂದೆ.

ಬೆಳಕೇ ನನ್ನನ್ನು ಮೋಸ ಮಾಡಿದ್ದು. ನಮ್ಮಲ್ಲಿ ಕತ್ತಲಾಯಿತು ಎಂದರೆ ದಣಿವಿಗೆ ಒಂದು ಗಂಟೆ ಬಾರಿಸಿದ ಹಾಗೆ. ಎಲ್ಲಾದರೂ ನಿಲ್ಲಿಸೋಣ ಅನಿಸುತ್ತದೆ. ಅಲ್ಲಿ ಆ ಗಂಟೆ ಬಾರಿಸುವುದೇ ಇಲ್ಲ.

ತೆ ಅನಾವ್‌ನಿಂದ ಮಾಸ್‌ಬರ್ನ್ ಕಡೆಗೆ ರಸ್ತೆ ಪೂರ್ವಕ್ಕೆ, ಬಯಲಿನಲ್ಲಿ. ಬಿಸಿಲು ಬೆನ್ನ ಹಿಂದೆ, ಕಾರಿನೊಳಗೆ ಹಿತವಾದ ಬೆಚ್ಚಗೆ. ವಾಹನಗಳೇ ಇಲ್ಲ. ಎಡಕ್ಕೆ ಬೇಲಿ, ಬೇಲಿಯಾಚೆ ಸಾಕಿದ ಜಿಂಕೆಗಳು. ಅವನ್ನು ನೋಡಿದ್ದು ನೆನಪಿದೆ. ಆಮೇಲೆ ನೆನಪಿರುವುದು ಚಕ್ರದ ಅಡಿ ಜಲ್ಲಿಯ ಸದ್ದು, ಮತ್ತು ಇವಳು ನನ್ನ ಹೆಸರು ಕೂಗಿದ್ದು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವಳ ಬಾಯಲ್ಲಿ ನನ್ನ ಹೆಸರು ಬಂದದ್ದು ಅದೇ ಮೊದಲು.

ಅವಳ ಕೈ ಸ್ಟೇರಿಂಗ್ ಮೇಲಿತ್ತು. ಕಾರಿನ ಎಡ ಚಕ್ರಗಳು ಡಾಂಬರು ಬಿಟ್ಟು ಜಲ್ಲಿಗೆ ಇಳಿದಿದ್ದವು. ಬ್ರೇಕ್ ಒತ್ತಿದೆ, ಕಾರು ಒಂದಿಷ್ಟು ಜಾರಿ ನಿಂತಿತು. ಎಡಕ್ಕೆ ಸರಿದದ್ದರಿಂದ ಜಲ್ಲಿ. ಬಲಕ್ಕೆ ಸರಿದಿದ್ದರೆ ಎದುರಿನ ಸಾಲು. ನಾವು ನಿಂತು ಒಂದು ನಿಮಿಷವೂ ಆಗಿರಲಿಲ್ಲ, ಮರದ ದಿಮ್ಮಿ ಹೇರಿಕೊಂಡ ಉದ್ದದ ಲಾರಿಯೊಂದು ಎದುರಿನಿಂದ ಬಂದು ಗಾಳಿಗೆ ನಮ್ಮ ಕಾರನ್ನು ಅಲುಗಾಡಿಸಿ ಹೋಯಿತು.

ಇಬ್ಬರೂ ಮಾತಾಡಲಿಲ್ಲ. ಬೇಲಿಯ ಹತ್ತಿರ ಜಿಂಕೆಗಳು ತಲೆಯೆತ್ತಿ ನಮ್ಮನ್ನೇ ನೋಡುತ್ತಿದ್ದವು. ಹಿಂದಿನಿಂದ ಬಂದ ಪಿಕಪ್ ಗಾಡಿಯ ರೈತನೊಬ್ಬ ನಿಲ್ಲಿಸಿ, ಎಲ್ಲ ಸರಿಯಾಗಿದೆಯೇ ಎಂದು ಕೇಳಿದ. ಸರಿಯಾಗಿದೆ ಎಂದಳು ಇವಳು. ಅವನು ನನ್ನ ಮುಖ ನೋಡಿದ, ಅವಳ ಮುಖ ನೋಡಿದ, ತಲೆಯಾಡಿಸಿ ಹೋದ. ಅಡ್ಡಾದಿಡ್ಡಿ ಓಡಿಸುವವರನ್ನು ಕಂಡರೆ *555ಕ್ಕೆ ಫೋನ್ ಮಾಡಿ ಪೊಲೀಸರಿಗೆ ಹೇಳುವುದು ಅಲ್ಲಿಯ ಪದ್ಧತಿ. ಅವನು ಮಾಡಿದ್ದರೂ ನಾನು ದೂರುತ್ತಿರಲಿಲ್ಲ.

ಆಮೇಲೆ ಇವಳು, ಮುಂದೆ ನೋಡುತ್ತಲೇ, ಮೆಲ್ಲಗೆ ಹೇಳಿದಳು: "ಮೂರನೇ ಮಾಳಿಗೆಯ ಅಕ್ಕನ ಹತ್ತಿರ ಮೂರು ದಿನ ಕೂತವಳು ನಾನು. ನೀವಲ್ಲ."

ನಮ್ಮ ಕಟ್ಟಡದ ಮೂರನೇ ಮಾಳಿಗೆಯಲ್ಲಿ ನಮ್ಮ ಕಡೆಯವರೇ ಒಬ್ಬರಿದ್ದರು. ನನ್ನ ಹಾಗೆಯೇ, ಊರಿಗೆ ಒಂದೇ ದಮ್ಮಿನಲ್ಲಿ ಓಡಿಸುವವರು. ಆರು ವರ್ಷದ ಹಿಂದೆ ಸಾತಾರಾ ದಾಟಿದ ಮೇಲೆ, ಬೆಳಗಿನ ಜಾವ, ನಿಂತ ಟ್ರಕ್ಕಿನ ಹಿಂಬದಿಗೆ. ನಾನು ಆಸ್ಪತ್ರೆ, ಪೊಲೀಸ್ ಠಾಣೆ, ಆಂಬುಲೆನ್ಸ್ ಎಂದು ಗಂಡಸರ ಕೆಲಸಗಳಲ್ಲಿ ಓಡಾಡಿದ್ದೆ. ಅವರ ಹೆಂಡತಿಯ ಜೊತೆ ಕೂತವಳು ಇವಳು. ಆ ಮೂರು ದಿನ ಆಕೆ ಏನು ಹೇಳಿದರು ಎಂದು ನಾನು ಕೇಳಿರಲಿಲ್ಲ. ಇವಳೂ ಹೇಳಿರಲಿಲ್ಲ. ಈಗ ಹೇಳಿದಳು. "ನಾನು ಎಚ್ಚರ ಇದ್ದಿದ್ದರೆ, ನಾನು ಎಚ್ಚರ ಇದ್ದಿದ್ದರೆ ಅಂತ ಒಂದೇ ಮಾತು. ಅದಕ್ಕೇ ನಾನು ಊರಿನ ದಾರಿಯಲ್ಲಿ ಮಲಗುದಿಲ್ಲ. ನೀವು ಅದನ್ನೂ ನೋಡಲಿಲ್ಲ."

ಹೌದು. ಆರು ವರ್ಷದಿಂದ ಅವಳು ಕಾರಿನಲ್ಲಿ ನಿದ್ದೆ ಮಾಡುತ್ತಿಲ್ಲ. ವಯಸ್ಸಾಯಿತು, ನಿದ್ದೆ ಕಡಿಮೆಯಾಗಿದೆ ಎಂದುಕೊಂಡಿದ್ದೆ.

ನಾನು ಇಳಿದು ಆ ಕಡೆ ಹೋದೆ. ಅವಳು ಈ ಕಡೆ ಬಂದಳು. ಸೀಟು ಮುಂದಕ್ಕೆ ಎಳೆದಳು, ಕನ್ನಡಿ ಸರಿಮಾಡಿಕೊಂಡಳು, ಒಂದು ಸಲ ಕೈ ಮುಗಿದಳು. ಇಂಡಿಕೇಟರ್ ಹಾಕಿ, ಖಾಲಿ ರಸ್ತೆಯಲ್ಲಿ ಎರಡೆರಡು ಸಲ ಹಿಂದೆ ನೋಡಿ, ಹೊರಟಳು. ಉಳಿದ 130 ಕಿಲೋಮೀಟರ್ ಅವಳದು.

ಒಂದು ಕಾನೂನಿನ ಮಾತು ಇಲ್ಲೇ ಸೇರಿಸುತ್ತೇನೆ, ಇದು ನಿಮಗೆ ಉಪಯೋಗಕ್ಕೆ ಬರಬಹುದು. ಬಾಡಿಗೆ ಕರಾರಿನಲ್ಲಿ ಹೆಸರಿಲ್ಲದವರು ಕಾರು ಓಡಿಸಿದರೆ ವಿಮೆ ನಿಲ್ಲುವುದಿಲ್ಲ. ಅವಳು ಕೌಂಟರಿನಲ್ಲಿ ಆ ಕಾರ್ಡ್ ಕೊಡದೇ ಇದ್ದಿದ್ದರೆ, ಆ ಸಂಜೆ ನಮಗೆ ಇದ್ದ ದಾರಿ ಎರಡೇ. ನಿದ್ದೆಗಣ್ಣಿನ ನಾನು ಓಡಿಸುವುದು, ಇಲ್ಲವೇ ವಿಮೆಯಿಲ್ಲದೆ ಅವಳು ಓಡಿಸುವುದು. ಹಾಗೆಯೇ ಅಪಘಾತವಾದರೆ ನಾವು ಕೈಯಿಂದ ಕೊಡಬೇಕಾದ ಮೊತ್ತವನ್ನು ಸೊನ್ನೆಗೆ ಇಳಿಸುವ ಹೆಚ್ಚಿನ ವಿಮೆಯನ್ನೂ ತೆಗೆದುಕೊಳ್ಳಿ. ಜಿಪುಣತನ ಬೇರೆಲ್ಲಾದರೂ ಮಾಡಿ.

ಅವಳ ವೇಗ 80. ಹಿಂದೆ ಎರಡು ಕಾರು ಸೇರಿದರೆ ಸಾಕು, ನಿಧಾನದ ವಾಹನಗಳಿಗೆಂದು ಬದಿಯಲ್ಲಿ ಮಾಡಿರುವ ಜಾಗಕ್ಕೆ ಸರಿದು ಅವರನ್ನು ಮುಂದೆ ಬಿಡುತ್ತಿದ್ದಳು. ನಾನಾಗಿದ್ದರೆ ಬಿಡುತ್ತಿರಲಿಲ್ಲ, ನಾಲ್ಕು ದಿನ ಒಮ್ಮೆಯೂ ಬಿಟ್ಟಿರಲಿಲ್ಲ. ನಾನು ಎಡಗಡೆ ಕೂತು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಕಾಲು ನೋಯಿಸಿಕೊಂಡೆ. ಕಿಂಗ್ಸ್‌ಟನ್ ದಾಟಿದ ಮೇಲೆ ವಾಕಾಟಿಪು ಸರೋವರದ ಅಂಚಿಗೆ ಅಂಟಿಕೊಂಡು ಡೆವಿಲ್ಸ್ ಸ್ಟೇರ್‌ಕೇಸ್ ಎಂಬ ತಿರುವುಗಳು. ಒಂದು ಬದಿ ಬಂಡೆ, ಇನ್ನೊಂದು ಬದಿ ನೀರು. "ನಿಧಾನ" ಎಂದೆ. "ಅರವತ್ತು" ಎಂದಳು. ಮತ್ತೆ "ನಿಧಾನ" ಎಂದೆ. "ಮಲಗಿ ನೀವು" ಎಂದಳು.

ಮಲಗಲಿಲ್ಲ. ಅದೇ ದಾರಿಯಲ್ಲಿ ಬೆಳಿಗ್ಗೆ ನಾನೇ ಹೋಗಿದ್ದೆ, ಆದರೆ ಸರೋವರವನ್ನು ನೋಡಿರಲಿಲ್ಲ. ಬಿಳಿ ಗೆರೆ, ಎದುರಿನ ವಾಹನ, ಮುಂದಿನ ತಿರುವು, ಅಷ್ಟೇ ನೋಡಿದ್ದು. ಈಗ ಸಂಜೆ ಎಂಟೂವರೆಯ ಬಿಸಿಲಿನಲ್ಲಿ ಬೆಟ್ಟದ ನೆತ್ತಿಯಷ್ಟೇ ಕೆಂಪಗಿತ್ತು, ನೀರು ಆಗಲೇ ಕಪ್ಪಾಗಿತ್ತು, ದೂರದಲ್ಲಿ ಒಂದು ದೋಣಿ. ಅವಳಿಗೆ ತೋರಿಸಬೇಕೆಂದು ಬೆರಳೆತ್ತಿ, ರಸ್ತೆಯಿಂದ ಕಣ್ಣು ತೆಗೆದಾಳು ಎಂದು ಇಳಿಸಿದೆ. ಮೂವತ್ತು ವರ್ಷ ಊರಿನ ದಾರಿಯಲ್ಲಿ ಅವಳು ನನಗೆ ಏನೇನು ತೋರಿಸದೆ ಬಿಟ್ಟಿದ್ದಳೋ.

ಹೋಟೆಲು ತಲುಪಿ ಕಾರು ನಿಲ್ಲಿಸಿದ ಮೇಲೆ ಅವಳ ಕೈ ನಡುಗತೊಡಗಿತು. ದಾರಿಯುದ್ದಕ್ಕೂ ನಡುಗದ ಕೈ. ನಾನು ಹಿಡಿದುಕೊಂಡೆ. ಸ್ವಲ್ಪ ಹೊತ್ತು ಹಾಗೇ ಕೂತಿದ್ದೆವು. ಆಮೇಲೆ, "ಹಸಿವಾಗ್ತದೆ. ಬೆಳಗ್ಗಿನ ಅನ್ನ ಉಂಟು, ಮೊಸರು ತನ್ನಿ" ಎಂದಳು.

ಮರುದಿನ ಎಲ್ಲಿಗೂ ಹೋಗಲಿಲ್ಲ. ನೋಡಬೇಕಾದ ಮೂರು ಜಾಗಗಳು ನನ್ನ ಪಟ್ಟಿಯಲ್ಲಿ ಹಾಗೇ ಉಳಿದವು. ಸರೋವರದ ದಂಡೆಯ ಬೆಂಚಿನ ಮೇಲೆ ಕೂತು ಬಾತುಕೋಳಿ ನೋಡಿದೆವು. ವಿಮಾನ ನಿಲ್ದಾಣಕ್ಕೆ ಕಾರು ಹಿಂದಿರುಗಿಸಲು ಅವಳೇ ಓಡಿಸಿದಳು. ಅಲ್ಲಿಯ ಹುಡುಗ ಕಾರಿನ ಸುತ್ತ ಒಂದು ಸುತ್ತು ಬಂದು, ಎಡ ಚಕ್ರದ ಮೇಲಿನ ಜಲ್ಲಿಯ ಧೂಳನ್ನು ಬೆರಳಿನಿಂದ ಒರೆಸಿ ನೋಡಿ, ಗೀರು ಇಲ್ಲ ಎಂದು ಬರೆದುಕೊಂಡ.

ಈ ಮೇ ತಿಂಗಳ ಊರಿನ ಪ್ರಯಾಣದ ಯೋಜನೆ ನಮ್ಮ ಮನೆಯಲ್ಲಿ ಸಿದ್ಧವಾಗುತ್ತಿದೆ. ಒಂದೇ ದಮ್ಮಿನಲ್ಲಿ ಹೋಗುವುದಿಲ್ಲ, ಸಾವಂತವಾಡಿಯಲ್ಲಿ ರಾತ್ರಿ ಉಳಿಯುವುದು. ಎರಡು ಗಂಟೆಗೊಮ್ಮೆ ಡ್ರೈವರ್ ಬದಲು. ಕತ್ತಲಾದ ಮೇಲೆ ಯಾರೂ ಓಡಿಸುವಂತಿಲ್ಲ. ಇಷ್ಟು ಒಪ್ಪಂದವಾಗಿದೆ. ಪನವೇಲ್‌ನಿಂದ ಮಾಣಗಾವ್‌ವರೆಗೆ ನಾನು, ಅಲ್ಲಿಂದ ಮುಂದೆ ಅವಳು. ಚಿಪಳೂಣದ ಹತ್ತಿರದ ಪರಶುರಾಮ ಘಾಟಿ ಯಾರ ಪಾಲಿಗೆ ಬರುತ್ತದೆ ಎಂಬ ಬಗ್ಗೆ ಮಾತ್ರ ಮಾತುಕತೆ ಇನ್ನೂ ನಡೆದಿದೆ.